ಗ್ಯಾರೇಜ್ ಮಾತು: ದೂರು ಹೇಳಿದ ಸೆನ್ಸರ್‌ಗೇ ಶಿಕ್ಷೆಯಾ?

ಈ ಸಲದ ಪತ್ರಗಳಲ್ಲಿ ಆಕ್ಸಿಜನ್ ಸೆನ್ಸರ್‌ದೇ ದರ್ಬಾರು. ಎಂಜಿನ್‌ನ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಎಂದು ನೋಡಲು ಹೊಗೆಯ ಪೈಪ್‌ನಲ್ಲಿ ಕೂರಿಸಿರುವ ಸೆನ್ಸರ್ ಅದು. ಬ್ರೇಕ್, ಕ್ಲಚ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತ್ತು. ಸ್ಕ್ಯಾನರ್ ಹಾಕಿದವರು ಪಿ0171 ಕೋಡ್ ಇದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು. ಬದಲಾಯಿಸಿದೆ. ಸ್ವಲ್ಪ ದಿನದಲ್ಲೇ ಅದೇ ಲೈಟ್, ಅದೇ ಕೋಡ್. ಹೊಸ ಸೆನ್ಸರ್ ಕೂಡ ಕೆಟ್ಟದ್ದೇ ಬಂತಾ?

ಉತ್ತರ: ಹೊಸದು ಕೆಟ್ಟಿಲ್ಲ. ಹಳೆಯದೂ ಕೆಟ್ಟಿರಲಿಲ್ಲ ಅಂತಲೇ ನನ್ನ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಾರೆ, ಅಷ್ಟೇ.

ಪಿ0171 ಕೋಡ್‌ನಲ್ಲಿ ಸೆನ್ಸರ್ ಹಾಳಾಗಿದೆ ಎಂಬ ಮಾತೇ ಇಲ್ಲ. ಒಂದನೇ ಬ್ಯಾಂಕಿನಲ್ಲಿ, ಅಂದರೆ ಸಿಲಿಂಡರ್‌ಗಳ ಒಂದನೇ ಸಾಲಿನಲ್ಲಿ, ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಎಂದಷ್ಟೇ ಅದರ ಅರ್ಥ. ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆ ಎಂದು ಸೆನ್ಸರ್ ಹೇಳಿತು. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಸೇರಿಸುತ್ತಾ ಹೋಯಿತು. ಎಷ್ಟು ಸೇರಿಸಿದರೂ ಸರಿಹೋಗಲಿಲ್ಲ. ಆಗ ಲೈಟ್ ಹಚ್ಚಿತು. ಇಲ್ಲಿ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಹಾಗಾದರೆ ಹುಡುಕಬೇಕಾದ್ದು ಎಲ್ಲಿ? ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಅಂಕಿ ಸಿಗುತ್ತದೆ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಅಥವಾ ಕಡಿತ ಮಾಡುತ್ತಿದೆ ಎಂಬ ಲೆಕ್ಕ ಅದು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎಂದು ಎರಡಿರುತ್ತವೆ. ಎರಡನ್ನೂ ಕೂಡಿಸಿ ನೋಡಿ. ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಪ್ಲಸ್ 20, 25 ತೋರಿಸಿದರೆ ಎಲ್ಲೋ ಲೆಕ್ಕ ತಪ್ಪಿದೆ.

ಇನ್ನು ಈ ಅಂಕಿಯನ್ನು ಎರಡು ಸ್ಥಿತಿಯಲ್ಲಿ ನೋಡಬೇಕು. ಹೆಚ್ಚಿನವರು ಮಾಡದೆ ಬಿಡುವುದು ಇದನ್ನೇ. ಮೊದಲು ಐಡಲಿಂಗ್‌ನಲ್ಲಿ ನೋಡಿ. ಆಮೇಲೆ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದು ನೋಡಿ. ಐಡಲಿಂಗ್‌ನಲ್ಲಿ ದೊಡ್ಡ ಅಂಕಿ ಇದ್ದು, ವೇಗ ಏರಿದಾಗ ಇಳಿದರೆ ವ್ಯಾಕ್ಯೂಮ್ ಲೀಕ್ ಇರುವ ಸಾಧ್ಯತೆ ಜಾಸ್ತಿ. ಎಲ್ಲೋ ಒಂದು ಹೋಸ್ ಸೀಳಿರುತ್ತದೆ, ಇಲ್ಲವೇ ಇನ್‌ಟೇಕ್ ಗ್ಯಾಸ್ಕೆಟ್ ಬಿಟ್ಟಿರುತ್ತದೆ. ಐಡಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಹಾಗಾಗಿ ಕಳ್ಳದಾರಿಯಲ್ಲಿ ಬರುವ ಗಾಳಿಯ ಪಾಲು ದೊಡ್ಡದಾಗುತ್ತದೆ. ಇದಕ್ಕೆ ಉಲ್ಟಾ, ವೇಗ ಏರಿದಷ್ಟೂ ಅಂಕಿ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಫ್ಯೂಯಲ್ ಪಂಪ್, ಫಿಲ್ಟರ್ ನೋಡಿ. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದ್ದರೂ ಹೀಗೇ ಆಗುತ್ತದೆ.

ಸೆನ್ಸರ್‌ಗಿಂತ ಮುಂಚೆ, ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಬಿರುಕು ಇದ್ದರೆ ಅದೂ ಆಟ ಆಡಿಸುತ್ತದೆ. ಬಿರುಕಿನಿಂದ ಹೊಗೆ ಹೊರಗೆ ಹೋಗುತ್ತದೆ ಅಂತ ಮಾತ್ರ ನಾವು ಅಂದುಕೊಳ್ಳುತ್ತೇವೆ. ಆದರೆ ಹೊಗೆ ಅಲೆಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಇಳಿದಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್‌ಗೆ ಆ ಆಕ್ಸಿಜನ್ ಕಾಣುತ್ತದೆ, ಲೀನ್ ಅನ್ನುತ್ತದೆ. ಮಿಸ್‌ಫೈರ್‌ನಲ್ಲೂ ಇದೇ ಕಥೆ. ಒಂದು ಸಿಲಿಂಡರ್‌ನಲ್ಲಿ ಕಿಡಿ ಹಾರದಿದ್ದರೆ ಪೆಟ್ರೋಲೂ ಸುಡುವುದಿಲ್ಲ, ಆಕ್ಸಿಜನ್ನೂ ಖರ್ಚಾಗುವುದಿಲ್ಲ. ಸೆನ್ಸರ್ ಎಣಿಸುವುದು ಆಕ್ಸಿಜನ್ ಮಾತ್ರ. ಹಸಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಅದು ಲೀನ್ ಎಂದೇ ವರದಿ ಮಾಡುತ್ತದೆ.

ನನ್ನ ಹತ್ತಿರ ಬಂದ ಒಂದು ಕಾರಿನ ಡಿಕ್ಕಿಯಲ್ಲಿ ಆಗಲೇ ಬಿಚ್ಚಿದ ಹಳೆಯ ಸೆನ್ಸರ್‌ಗಳು ಕೂತಿದ್ದವು. ಬದಲಾಯಿಸಿ ಬದಲಾಯಿಸಿ ಮಾಲೀಕರಿಗೆ ಸಾಕಾಗಿತ್ತು. ಕ್ರ್ಯಾಂಕ್‌ಕೇಸ್ ಗಾಳಿ ಹೋಗುವ ರಬ್ಬರ್ ಹೋಸ್ ಕೆಳಮಗ್ಗುಲಲ್ಲಿ ಸೀಳಿತ್ತು. ಮೇಲಿನಿಂದ ನೋಡಿದರೆ ಹೊಚ್ಚಹೊಸದರ ಹಾಗೆ. ಬೆರಳಿನಿಂದ ಸೀಳು ಮುಚ್ಚಿದೆ, ಸ್ಕ್ಯಾನರ್‌ನಲ್ಲಿ ಟ್ರಿಮ್ ಸರ್ರನೆ ಇಳಿಯಿತು. ಆ ಹಳೆಯ ಸೆನ್ಸರ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ.

ಪ್ರಶ್ನೆ: ನಾನು ವಿಜ್ಞಾನ ವಿದ್ಯಾರ್ಥಿನಿ. ಒಂದು ಬೋಲ್ಟ್‌ನಷ್ಟು ದೊಡ್ಡ ವಸ್ತು ಹೊಗೆಯಲ್ಲಿರುವ ಆಕ್ಸಿಜನ್ ಅನ್ನು ಹೇಗೆ ಅಳೆಯುತ್ತದೆ?

ಉತ್ತರ: ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಅದರ ತುದಿಯಲ್ಲಿ ಜಿರ್ಕೋನಿಯಾ ಎಂಬ ಸೆರಾಮಿಕ್ ಇದೆ. ಆಭರಣದಲ್ಲಿ ಅಮೆರಿಕನ್ ಡೈಮಂಡ್ ಅಂತ ಹಾಕುತ್ತಾರಲ್ಲ, ಮೂಲ ವಸ್ತು ಅದೇ, ಜಿರ್ಕೋನಿಯಂ ಡೈಆಕ್ಸೈಡ್. ಅದಕ್ಕೆ ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಸ್ವಲ್ಪ ಬೆರೆಸಿರುತ್ತಾರೆ. ಕಾದಾಗ, ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಆಕ್ಸಿಜನ್ ಅಯಾನುಗಳು ಈ ಸೆರಾಮಿಕ್ ಒಳಗೆ ಓಡಾಡಲು ಶುರು ಮಾಡುತ್ತವೆ. ಒಂದು ಮಗ್ಗುಲಿಗೆ ಹೊರಗಿನ ಗಾಳಿ, ಇನ್ನೊಂದಕ್ಕೆ ಹೊಗೆ. ಎರಡೂ ಕಡೆ ತೆಳುವಾದ ಪ್ಲಾಟಿನಂ ಲೇಪ. ಎರಡು ಕಡೆಯ ಆಕ್ಸಿಜನ್ ಪ್ರಮಾಣದಲ್ಲಿ ವ್ಯತ್ಯಾಸ ಇದ್ದಷ್ಟೂ ವೋಲ್ಟೇಜ್ ಹುಟ್ಟುತ್ತದೆ. ಹೊರಗಿನಿಂದ ಯಾರೂ ಕರೆಂಟ್ ಕೊಡಬೇಕಿಲ್ಲ, ತಾನೇ ಒಂದು ಪುಟ್ಟ ಬ್ಯಾಟರಿ.

ಹೊಗೆಯಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದರೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗಿ ರಿಚ್ ಆಗಿದ್ದರೆ, ಸುಮಾರು 0.9 ವೋಲ್ಟ್. ಲೀನ್ ಇದ್ದರೆ ಸುಮಾರು 0.1. ನಡುವಿನ 0.45 ಗಡಿ. ಪೆಟ್ರೋಲ್‌ಗೆ ಸರಿಯಾದ ಪ್ರಮಾಣ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಈ ಅನುಪಾತದ ಹತ್ತಿರ ವೋಲ್ಟೇಜ್ ಮೆಲ್ಲಗೆ ಜಾರುವುದಿಲ್ಲ, ಸ್ವಿಚ್ ಹಾಕಿದ ಹಾಗೆ ಧುಮುಕುತ್ತದೆ. ಅದಕ್ಕೇ ಇಸಿಯು ಸ್ವಲ್ಪ ರಿಚ್, ಸ್ವಲ್ಪ ಲೀನ್ ಎಂದು ಎಡಬಿಡದೆ ತೂಗಾಡಿಸುತ್ತಾ ನಡುವೆ ನಿಲ್ಲಿಸಿಕೊಳ್ಳುತ್ತದೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಈ ತೂಗಾಟ ಬೇಕು. ಲೀನ್ ಇದ್ದಾಗ ಅದು ಆಕ್ಸಿಜನ್ ಕೂಡಿಟ್ಟುಕೊಳ್ಳುತ್ತದೆ, ರಿಚ್ ಆದಾಗ ಅದನ್ನು ಬಿಟ್ಟು ವಿಷದ ಅನಿಲಗಳನ್ನು ಸುಡುತ್ತದೆ.

ಈ ವೋಲ್ಟೇಜ್ ಲೆಕ್ಕ ಹಾಕುವ ಸೂತ್ರ ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ಅವರದ್ದು. 1920ರ ರಸಾಯನಶಾಸ್ತ್ರ ನೊಬೆಲ್ ಪಡೆದವರು. ತಮಾಷೆ ಅಂದರೆ, ಅವರು ಮಾಡಿದ ವಿದ್ಯುತ್ ದೀಪದಲ್ಲಿ ಕಾದು ಬೆಳಗುತ್ತಿದ್ದ ಕಡ್ಡಿಯೂ ಜಿರ್ಕೋನಿಯಾ, ಇಟ್ರಿಯಾ ಬೆರೆಸಿದ್ದೇ. ಕಾರಿಗೆ ಇದು ಬಂದದ್ದು 1976ರಲ್ಲಿ. ಬಾಷ್ ಮಾಡಿದ ಸೆನ್ಸರ್, ವೋಲ್ವೋ ಕಾರಿಗೆ. ಆಗ ಅದಕ್ಕೆ ಹೀಟರ್ ಇರಲಿಲ್ಲ, ಹೊಗೆಯ ಬಿಸಿಯೇ ಗತಿ. ಈಗ ಒಳಗೆ ಹೀಟರ್ ಇರುವುದರಿಂದ ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿಗೇ ಕೆಲಸಕ್ಕೆ ಇಳಿಯುತ್ತದೆ.

ಹೊಸ ಕಾರುಗಳಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಬರುತ್ತಿದೆ. ಅದು ರಿಚ್, ಲೀನ್ ಎಂದು ಎರಡೇ ಮಾತು ಆಡುವುದಿಲ್ಲ, ಎಷ್ಟು ರಿಚ್, ಎಷ್ಟು ಲೀನ್ ಎಂದೂ ಹೇಳುತ್ತದೆ. ಮೇಲೆ ಹೇಳಿದ ವೋಲ್ಟೇಜ್ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ಐದು ಅಥವಾ ಆರು ತಂತಿ. ಆದರೆ ನಾಲ್ಕು ತಂತಿಯ ಏರ್-ಫ್ಯೂಯಲ್ ಸೆನ್ಸರ್‌ಗಳೂ ಇವೆ, ಬರೀ ತಂತಿ ಎಣಿಸಿ ತೀರ್ಮಾನ ಮಾಡಬೇಡಿ.

ಪ್ರಶ್ನೆ: ನನ್ನ ಕಾರಿನಲ್ಲಿ ಎರಡು ಸೆನ್ಸರ್ ಇವೆಯಂತೆ. ಒಂದು ಹೋದರೆ ಎರಡೂ ಬದಲಾಯಿಸಬೇಕಾ?

ಉತ್ತರ: ಬೇಡ. ಕನ್ವರ್ಟರ್‌ಗಿಂತ ಮುಂದೆ, ಎಂಜಿನ್ ಕಡೆ ಇರುವುದು ಸೆನ್ಸರ್ 1, ಅದು ಮಿಶ್ರಣ ನೋಡಿಕೊಳ್ಳುತ್ತದೆ. ಹಿಂದಿನದು ಸೆನ್ಸರ್ 2, ಅದರ ಮುಖ್ಯ ಕೆಲಸ ಕನ್ವರ್ಟರ್ ಮೇಲೆ ಕಣ್ಣಿಡುವುದು. ಎರಡಕ್ಕೂ ಆಯಸ್ಸು ಬೇರೆ. ವಿ6, ವಿ8 ಎಂಜಿನ್‌ಗಳಲ್ಲಿ ಎರಡು ಬ್ಯಾಂಕ್ ಇರುತ್ತವೆ. ಒಂದನೇ ನಂಬರಿನ ಸಿಲಿಂಡರ್ ಯಾವ ಕಡೆ ಇದೆಯೋ ಅದೇ ಬ್ಯಾಂಕ್ 1. ಅದು ಎಡವೋ ಬಲವೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಮ್ಯಾನ್ಯುಯಲ್ ನೋಡದೆ ಬಿಚ್ಚಿ, ಚೆನ್ನಾಗಿದ್ದದ್ದನ್ನೇ ಎಸೆದವರನ್ನು ನೋಡಿದ್ದೇನೆ.

ಪ್ರಶ್ನೆ: ಪಿ0135 ಬಂದಿದೆ. ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಸೆನ್ಸರ್ ಕೆಟ್ಟಿದೆಯಾ ಇಲ್ಲವಾ ಎಂದು ಮನೆಯಲ್ಲೇ ತಿಳಿಯಬಹುದಾ?

ಉತ್ತರ: ತಿಳಿಯಬಹುದು. ಪಿ0135 ಅಂದರೆ ಮುಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟ್ ತೊಂದರೆ. ಮೊದಲು ಫ್ಯೂಸ್ ನೋಡಿ. ದಯವಿಟ್ಟು ಮೊದಲು ಫ್ಯೂಸ್! ಆಮೇಲೆ ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಹೀಟರ್ ತಂತಿಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ನಾಲ್ಕು ತಂತಿಯ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ತಂತಿ ಹೀಟರ್‌ದು. ತಣ್ಣಗಿರುವಾಗ ಕೆಲವು ಓಮ್‌ಗಳಿಂದ ಹೆಚ್ಚೆಂದರೆ 20ರ ಆಸುಪಾಸು ಬರಬೇಕು. ನಿಮ್ಮ ಮಾಡೆಲ್‌ನ ಖಚಿತ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಮೀಟರ್ ಅನಂತ ಎಂದು ತೋರಿಸಿದರೆ ಹೀಟರ್ ತುಂಡಾಗಿದೆ, ಹೊಸ ಸೆನ್ಸರ್ ತನ್ನಿ. ರೆಸಿಸ್ಟೆನ್ಸ್ ಸರಿಯಿದ್ದರೆ ವೈರಿಂಗ್ ಕಡೆ ತಿರುಗಿ. ತಂತಿ ಎಕ್ಸಾಸ್ಟ್‌ಗೆ ತಾಗಿ ಕರಗಿರುವುದು ಹೊಸದೇನಲ್ಲ.

ಹೀಟರ್ ಬಿಟ್ಟು ಸಿಗ್ನಲ್ ಬಗ್ಗೆ ಅನುಮಾನ ಇದ್ದರೆ ಸ್ಕ್ಯಾನರ್‌ನ ಲೈವ್ ಡೇಟಾ ನೋಡಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ವೈಡ್‌ಬ್ಯಾಂಡ್ ಅಲ್ಲದ ಹಳೆ ಮಾದರಿಯ ಸೆನ್ಸರ್ 1ರ ವೋಲ್ಟೇಜ್ ಸರಸರ ಮೇಲೆ ಕೆಳಗೆ ಕುಣಿಯಬೇಕು. ಆಕ್ಸಿಲರೇಟರ್ ಫಟ್ಟನೆ ಒತ್ತಿದರೆ 0.8ರ ಮೇಲೆ ಹೋಗಬೇಕು. ಗೇರ್‌ನಲ್ಲಿ ಓಡುತ್ತಿರುವಾಗ ಕಾಲು ತೆಗೆದರೆ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಆಗ ಸೊನ್ನೆಯ ಹತ್ತಿರ ಬರಬೇಕು. ಎರಡೂ ಆದರೆ ಸೆನ್ಸರ್‌ಗೆ ಜೀವ ಇದೆ. ಒಂದೇ ಕಡೆ ಅಂಟಿಕೊಂಡಿದ್ದರೆ, ಅಥವಾ ಮುದಿ ಎತ್ತಿನ ಹಾಗೆ ಎಳೆದೂ ಎಳೆದೂ ಬಂದರೆ, ಬದಲಾಯಿಸುವ ಕಾಲ ಬಂದಿದೆ. ನಿಧಾನಕ್ಕೆಂದೇ ಒಂದು ಕೋಡ್ ಇದೆ, ಪಿ0133.

ಪ್ರಶ್ನೆ: ಸೆನ್ಸರ್ ಹೋಗಿರುವುದು ಖಚಿತ. ನಾನೇ ಬದಲಾಯಿಸಬೇಕೆಂದಿದ್ದೇನೆ. ಏನೇನು ಗಮನಿಸಬೇಕು?

ಉತ್ತರ: ಮಾಡಿ. ಕೆಲಸ ದೊಡ್ಡದಲ್ಲ, ತುಕ್ಕು ದೊಡ್ಡದು. ವರ್ಷಗಟ್ಟಲೆ ಕಾದು ತಣಿದು ಅಲ್ಲೇ ಬೆಸೆದುಕೊಂಡಿರುವ ಥ್ರೆಡ್ ಜತೆ ನಿಮ್ಮ ಜಗಳ.

ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಸೆನ್ಸರ್‌ನ ಬುಡಕ್ಕೆ ಬಿಡಿ. ಎಂಜಿನ್ ತಣ್ಣಗಿರುವಾಗಲೇ ಬಿಡಿ, ಬಿಸಿ ಪೈಪ್ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹತ್ತಬಹುದು. ಮಾರನೆಯ ದಿನ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ. ಪೈಪ್ ಬೆಚ್ಚಗಿರಬೇಕು, ಸುಡಬಾರದು. ದಪ್ಪ ಗ್ಲೌಸ್ ಹಾಕಿಕೊಳ್ಳಿ. ಕಾರಿನ ಕೆಳಗೆ ಹೋಗಬೇಕಾದರೆ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸದೆ ತಲೆ ಹಾಕಬೇಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗುವವರನ್ನು ನಾನು ನನ್ನ ಗ್ಯಾರೇಜಿಗೆ ಸೇರಿಸುವುದಿಲ್ಲ.

ಸಾಮಾನ್ಯವಾಗಿ 22 ಮಿಲಿಮೀಟರ್ ಸ್ಪ್ಯಾನರ್ ಹಿಡಿಯುತ್ತದೆ. ತಂತಿ ಹೊರಬರಲು ಪಕ್ಕದಲ್ಲಿ ಸೀಳು ಇರುವ ಸೆನ್ಸರ್ ಸಾಕೆಟ್ ಸಿಗುತ್ತದೆ. ಜಾಗ ಇಕ್ಕಟ್ಟಾದರೆ ಅದಿಲ್ಲದೆ ಆಗದು. ಆದರೆ ತುಂಬಾ ಬಿಗಿಯಿದ್ದರೆ ಸೀಳು ಸಾಕೆಟ್ ಬಾಯಿ ಅಗಲವಾಗಿ ಸೆನ್ಸರ್‌ನ ಮೂಲೆ ಸವೆಯುತ್ತದೆ. ಹೇಗಿದ್ದರೂ ಹಳೆಯದು ಬಿಸಾಡುವುದೇ ಅಲ್ವಾ? ತಂತಿ ಕತ್ತರಿಸಿ, ಸೀಳಿಲ್ಲದ ಪೂರ್ತಿ ರಿಂಗ್ ಸ್ಪ್ಯಾನರ್ ಹಾಕಿ ತಿರುಗಿಸಿ. ಸ್ವಲ್ಪ ಸಡಿಲವಾದ ಮೇಲೆ ಕಿರಗುಟ್ಟಿದರೆ ಬಲವಂತ ಬೇಡ. ಒಮ್ಮೆ ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಥ್ರೆಡ್ ಕಿತ್ತು ಬಂದರೆ ಸೆನ್ಸರ್ ಜತೆ ಮ್ಯಾನಿಫೋಲ್ಡ್ ಖರ್ಚೂ ತಲೆ ಮೇಲೆ ಬೀಳುತ್ತದೆ.

ಹೊಸ ಸೆನ್ಸರ್ ಪೆಟ್ಟಿಗೆಯಿಂದ ತೆಗೆದವರು ಅದರ ತುದಿ ಮುಟ್ಟಿ ನೋಡುವ ಚಪಲ ಬಿಡಬೇಕು. ನೆಲಕ್ಕೆ ಬಿದ್ದರೆ ಒಳಗಿನ ಸೆರಾಮಿಕ್ ಬಿರಿಯಬಹುದು, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಥ್ರೆಡ್ ಬೆಸೆದುಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಮೊದಲೇ ಹಚ್ಚಿ ಬಂದಿದ್ದರೆ ಮತ್ತೆ ಹಚ್ಚಬೇಡಿ. ಇಲ್ಲದಿದ್ದರೆ ಸೆನ್ಸರ್‌ಗೆ ಹೊಂದುವ ಪೇಸ್ಟನ್ನು ಥ್ರೆಡ್‌ಗೆ ಮಾತ್ರ, ತುದಿಗೆ ಒಂದು ಚೂರೂ ತಾಗದ ಹಾಗೆ ಹಚ್ಚಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. 18 ಮಿಲಿಮೀಟರ್ ಥ್ರೆಡ್‌ನ ಸೆನ್ಸರ್‌ಗೆ ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್ ಬಿಗಿ ಸಾಕು. ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಕೊನೆ ಮಾತು.

ತಂತಿಯನ್ನು ಹಳೆಯ ದಾರಿಯಲ್ಲೇ, ಹಳೆಯ ಕ್ಲಿಪ್‌ಗಳಲ್ಲೇ ಕೂರಿಸಿ. ಕನೆಕ್ಟರ್‌ಗೆ ಗ್ರೀಸ್ ಬೇಡ, ಕ್ಲೀನರ್ ಸ್ಪ್ರೇ ಬೇಡ. ಅನೇಕ ಸೆನ್ಸರ್‌ಗಳಿಗೆ ಹೋಲಿಸಿ ನೋಡಲು ಬೇಕಾದ ಹೊರಗಿನ ಗಾಳಿ ತಂತಿಯ ಎಳೆಗಳ ನಡುವಿನಿಂದಲೇ ಬರುತ್ತದೆ. ಆ ದಾರಿಗೆ ಎಣ್ಣೆ, ಗ್ರೀಸ್ ಹೋದರೆ ಹೊಸ ಸೆನ್ಸರ್ ಮೊದಲ ದಿನವೇ ಸುಳ್ಳು ಹೇಳಲು ಶುರು ಮಾಡುತ್ತದೆ. ಕೊನೆಗೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ, ಕಾರು ಓಡಿಸಿ, ಟ್ರಿಮ್ ಸೊನ್ನೆಯ ಕಡೆ ಬರುತ್ತಿದೆಯಾ ನೋಡಿ.

ಪ್ರಶ್ನೆ: ಎಲ್ಲ ಕಾರಿಗೂ ಆಗುವ ಯೂನಿವರ್ಸಲ್ ಸೆನ್ಸರ್ ಅಗ್ಗಕ್ಕೆ ಸಿಗುತ್ತದೆ. ತಂತಿ ಜೋಡಿಸಿಕೊಂಡರೆ ಆಯಿತಲ್ಲ?

ಉತ್ತರ: ಆಗುತ್ತದೆ, ಆದರೆ ನಾನು ಹಾಕುವುದಿಲ್ಲ. ಕಂಪನಿಯಿಂದ ಕಂಪನಿಗೆ ತಂತಿಯ ಬಣ್ಣ ಬೇರೆ. ಹೀಟರ್ ತಂತಿಯನ್ನು ಸಿಗ್ನಲ್‌ಗೆ ಕೊಟ್ಟರೆ ಇಸಿಯುಗೇ ಪೆಟ್ಟು. ಹಾಕಲೇಬೇಕೆಂದರೆ ಬೆಸುಗೆ ಹಾಕಬೇಡಿ, ಕ್ರಿಂಪ್ ಮಾಡಿ, ಅಂದರೆ ಒತ್ತಿ ಜೋಡಿಸಿ; ನಾನು ಮೇಲೆ ಹೇಳಿದ ಗಾಳಿಯ ದಾರಿಯನ್ನು ಬೆಸುಗೆ ಮುಚ್ಚಿಬಿಡುತ್ತದೆ. ವೈಡ್‌ಬ್ಯಾಂಡ್ ಇರುವ ಕಾರಿನವರು ಈ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಹಳೆಯ ಸೆನ್ಸರ್ ಬಿಚ್ಚಿ ಪೆಟ್ರೋಲ್‌ನಲ್ಲಿ ನೆನೆಸಿ ಉಜ್ಜಿದರೆ ಸರಿಹೋಗುತ್ತದಾ?

ಉತ್ತರ: ಇಲ್ಲ. ಕಪ್ಪು ಮಸಿ ಹೋಗಬಹುದು, ಪ್ಲಾಟಿನಂಗೆ ತಗುಲಿದ ವಿಷ ಹೋಗುವುದಿಲ್ಲ. ಉಜ್ಜಿದರೆ ಇದ್ದ ಲೇಪವೂ ಹೋಗುತ್ತದೆ.

ಆದರೆ ಬಿಸಾಡುವ ಮುಂಚೆ ತುದಿಯ ಬಣ್ಣ ನೋಡಿ, ಸುಮ್ನೆ ಅಲ್ಲ. ಪುಡಿಪುಡಿ ಕಪ್ಪು ಇದ್ದರೆ ಮಿಶ್ರಣ ರಿಚ್. ಎಣ್ಣೆ ಜಿಡ್ಡಿನ ಕಪ್ಪಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಪದರ ಇದ್ದರೆ ಸಿಲಿಕೋನ್ ಅಥವಾ ಕೂಲಂಟ್. ಸೆನ್ಸರ್‌ಗೆ ಆಗದ ಸಿಲಿಕೋನ್ ಸೀಲಂಟ್ ಬಳಸಿ ಗ್ಯಾಸ್ಕೆಟ್ ಅಂಟಿಸಿದ್ದರೆ ಅದರ ಆವಿಯೇ ಸೆನ್ಸರ್ ಕೊಲ್ಲುತ್ತದೆ. ಕೂಲಂಟ್ ಕಡಿಮೆಯಾಗುತ್ತಿದ್ದು ತುದಿಯೂ ಬೆಳ್ಳಗಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಅದನ್ನು ಬಿಟ್ಟು ಹೊಸ ಸೆನ್ಸರ್ ಹಾಕಿದರೆ ಅದಕ್ಕೂ ಅದೇ ಗತಿ.

ಪ್ರಶ್ನೆ: ಸೆನ್ಸರ್ ಕನೆಕ್ಟರ್ ಬಿಚ್ಚಿಟ್ಟರೆ ಕಾರು ಚೆನ್ನಾಗಿ ಓಡುತ್ತದೆ. ಹಾಗೇ ಬಿಡಬಹುದಾ?

ಉತ್ತರ: ಬೇಡ. ಬಿಚ್ಚಿದಾಗ ಇಸಿಯು ಓಪನ್ ಲೂಪ್‌ಗೆ ಹೋಗುತ್ತದೆ, ಅಂದರೆ ಹೊಗೆಯ ಮಾತು ಕೇಳದೆ ತನ್ನ ನೆನಪಿನ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತದೆ. ಹಾಗೆ ರಿಚ್ ಆಗಿ ಓಡಿದರೆ ಮೈಲೇಜ್ ಬೀಳುತ್ತದೆ, ಕನ್ವರ್ಟರ್‌ಗೂ ಪೆಟ್ಟು. ಆದರೆ ನಿಮಗೆ ಗೊತ್ತಿಲ್ಲದೆ ಒಂದು ಪರೀಕ್ಷೆ ಮಾಡಿದ್ದೀರಿ. ಬಿಚ್ಚಿದಾಗ ಎಂಜಿನ್ ಸುಧಾರಿಸಿತು ಅಂದರೆ, ಸೆನ್ಸರ್ ಕೊಡುತ್ತಿದ್ದ ಮಾಹಿತಿ ಎಂಜಿನ್‌ನ ದಾರಿ ತಪ್ಪಿಸುತ್ತಿತ್ತು. ಅದು ಸೆನ್ಸರ್ ದೋಷವೋ, ಎಕ್ಸಾಸ್ಟ್ ಬಿರುಕೋ ನೋಡಿಸಿ.

ಪ್ರಶ್ನೆ: ಎಷ್ಟು ಕಿಲೋಮೀಟರ್‌ಗೆ ಬದಲಾಯಿಸಬೇಕು? ಡೀಸೆಲ್ ಕಾರಿನಲ್ಲೂ ಇರುತ್ತದಾ?

ಉತ್ತರ: ಹೀಟರ್ ಇಲ್ಲದ ಹಳೆಯವು 50,000ದಿಂದ 80,000. ಹೀಟರ್ ಇರುವವು ಸುಮಾರು 1,00,000, ಹೊಸವು 1,60,000ದವರೆಗೂ ಬಾಳುತ್ತವೆ. ಆಯಿಲ್ ಸುಡುವ ಎಂಜಿನ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಈಗಿನ ಎಷ್ಟೋ ಡೀಸೆಲ್ ಕಾರುಗಳಲ್ಲೂ ವೈಡ್‌ಬ್ಯಾಂಡ್ ಸೆನ್ಸರ್ ಇದೆ.

ಪ್ರಶ್ನೆ: ಪಿ0420 ಬಂದಿದೆ. ಹಿಂದಿನ ಸೆನ್ಸರ್ ಬದಲಾಯಿಸಿದರೂ ಹೋಗುತ್ತಿಲ್ಲ.

ಉತ್ತರ: ಪಿ0420 ಅಂದರೆ ಕನ್ವರ್ಟರ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂಬ ದೂರು. ಎರಡೂ ಸೆನ್ಸರ್‌ಗಳ ಗ್ರಾಫ್ ಒಟ್ಟಿಗೆ ನೋಡಿ. ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದು 0.6, 0.7 ವೋಲ್ಟ್ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಅಲುಗಾಡದೆ ಇರುತ್ತದೆ. ಅದು ಮುಂದಿನ ಸೆನ್ಸರ್ ಹಾಗೆ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ. ಹಿಂದಿನ ಸೆನ್ಸರ್ ಹತ್ತಿರ ಪೈಪ್ ಸೋರುತ್ತಿದ್ದರೂ ಹೀಗೆ ಕಾಣಬಹುದು, ಅದನ್ನು ಮೊದಲು ನೋಡಿ. ಸೋರಿಕೆ ಇಲ್ಲದಿದ್ದರೆ ಕನ್ವರ್ಟರ್ ಬದಲಾಯಿಸಲೇಬೇಕು. ಅದಕ್ಕೆ ದುಡ್ಡು ಹಾಕುವ ಮುಂಚೆ ಮಿಸ್‌ಫೈರ್ ಇದೆಯಾ, ಆಯಿಲ್ ಕಡಿಮೆಯಾಗುತ್ತಿದೆಯಾ ಎಂದು ಪರೀಕ್ಷಿಸಿ ಸರಿಮಾಡಿಸಿ. ಹಳೆಯ ಕನ್ವರ್ಟರನ್ನು ಹಾಳು ಮಾಡಿದ್ದು ಅದೇ ಆಗಿದ್ದರೆ ಹೊಸದನ್ನೂ ಬಿಡುವುದಿಲ್ಲ.